ಕಾರ್ಬನ್ ಕಡ್ಡಿಯ ಕಾಡಿಗೆ

ನನ್ನ ಗಂಡನ ಕಣ್ಣು ಹೋದದ್ದು ಆ ಬೆಳಕಿನಿಂದಲೋ ನನ್ನ ಕೈಯಿಂದಲೋ ಎಂಬುದು ಇಪ್ಪತ್ತು ವರ್ಷ ನನಗೆ ಗೊತ್ತಿರಲಿಲ್ಲ. ಈಗ ಗೊತ್ತಿದೆ. ಗೊತ್ತಾಗಿ ಏನೂ ಬದಲಾಗಲಿಲ್ಲ. ಆದರೂ ಬರೆಯುತ್ತೇನೆ. ಬಾಯಿಂದ ಹೇಳಲು ಹೋದರೆ ಕೇಳುವವರು ನಡುವೆಯೇ ಸಮಾಧಾನ ಹೇಳಲು ಶುರು ಮಾಡುತ್ತಾರೆ. ನನಗೆ ಸಮಾಧಾನ ಬೇಡ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು, ಒತ್ತಕ್ಷರ ತಪ್ಪುತ್ತವೆ. ತಿದ್ದುವವರು ತಿದ್ದಿಕೊಳ್ಳಲಿ.

ನನ್ನ ತವರು ಅತನೂರ. ಮದುವೆಯಾಗಿ ಹೋದ ಮನೆಗೆ ಮಾತ್ರ ಊರೇ ಇರಲಿಲ್ಲ. ಗಂಡ ಟೆಂಟ್ ಟಾಕೀಸಿನ ಆಪರೇಟರ್. ಟಾಕೀಸು ಎಲ್ಲಿ ನಿಂತರೆ ಅಲ್ಲೇ ನಮ್ಮ ಮನೆ. ಆಳಂದದಲ್ಲಿ ಕೆಲವು ತಿಂಗಳು; ಲೈಸೆನ್ಸು ಮುಗಿದ ಕೂಡಲೇ ಅಫಜಲಪುರ; ಅಲ್ಲಿಂದ ಜೇವರ್ಗಿ; ಮತ್ತೆ ಆಳಂದ. ತಗಡು, ಬೊಂಬು, ಪರದೆ, ಮಂದಿ ಕೂಡುವ ಬಾಕು, ಮಷೀನು ಎಲ್ಲ ಒಂದೇ ಲಾರಿಯಲ್ಲಿ. ಅದರ ನೆತ್ತಿಯ ಮೇಲೆ ನಾನು, ನನ್ನ ಒಲೆ, ಒಂದು ಕೊಡ. ಮಕ್ಕಳಾಗಲಿಲ್ಲ. ಅದರ ಬಗ್ಗೆ ಬರೆಯುವಂಥದ್ದು ಏನಿಲ್ಲ.

ಆಗಿನ ಸಿನಿಮಾದ ಬೆಳಕು ಈಗಿನವರಿಗೆ ಗೊತ್ತಿಲ್ಲ. ಅದು ಬಲ್ಬಿನ ಬೆಳಕಲ್ಲ. ಮಷೀನಿನ ಹಿಂದೆ ತಗಡಿನ ಪೆಟ್ಟಿಗೆ, ಅದರ ತಲೆಯ ಮೇಲೆ ಹೊಗೆ ಹೋಗಲು ಕೊಳವೆ. ಪೆಟ್ಟಿಗೆಯೊಳಗೆ ಎರಡು ಕಾರ್ಬನ್ ಕಡ್ಡಿ ಎದುರುಬದುರು. ಒಂದು ದಪ್ಪ, ಒಂದು ಸಣ್ಣದು. ಸಣ್ಣದಕ್ಕೆ ತಾಮ್ರದ ತೊಗಲು. ಎರಡರ ಮೂತಿ ಮುಟ್ಟಿಸಿ, ಕರೆಂಟು ಬಿಟ್ಟು, ಒಂಚೂರು ಹಿಂದಕ್ಕೆ ಎಳೆದರೆ ನಡುವಿನ ಸಂದಿಯಲ್ಲಿ ಬೆಳಕು ಹುಟ್ಟುತ್ತಿತ್ತು. ಅದಕ್ಕೆ ಬಣ್ಣವೇ ಇಲ್ಲ, ಬರೀ ಬಿಳುಪು. ಬೆನ್ನಿಗೆ ಒಂದು ಗುಂಡು ಕನ್ನಡಿ. ಆ ಕನ್ನಡಿ ಬೆಳಕನ್ನೆಲ್ಲ ಬಾಚಿ ರೀಲಿನ ಕಡೆಗೆ ದಬ್ಬುತ್ತಿತ್ತು. "ಕನ್ನಡಿ ಇಲ್ಲಂದ್ರ ಈ ಬೆಳಕ ಪೆಟ್ಟಿಗಿ ದಾಟಂಗಿಲ್ಲ, ಇಲ್ಲೇ ಕುಂತು ಸಾಯತದ" ಎನ್ನುತ್ತಿದ್ದ ನನ್ನ ಗಂಡ.

ಕಡ್ಡಿ ಉರಿದಂತೆ ಗಿಡ್ಡವಾಗುತ್ತದೆ. ಸಂದಿ ಅಗಲವಾಗುತ್ತದೆ. ಸಂದಿ ಅಗಲವಾದರೆ ಪರದೆ ಹಳದಿಯಾಗಿ, ಮಬ್ಬಾಗಿ, ಆರಿಹೋಗುತ್ತದೆ. ಆದ್ದರಿಂದ ಹೊರಗಿನ ತಿರುಪು ತಿರುಗಿಸುತ್ತ ಕಡ್ಡಿಯನ್ನು ಒಂದೊಂದೇ ಕೂದಲೆಳೆ ಮುಂದಕ್ಕೆ ದೂಡುತ್ತ ಇರಬೇಕು. ಎಷ್ಟು ದೂಡಬೇಕೆಂದು ತಿಳಿಯಲು ಎರಡು ದಾರಿ. ಪೆಟ್ಟಿಗೆಯ ಬಾಗಿಲಿಗೆ ಕಪ್ಪು ಗಾಜಿರುತ್ತದೆ, ಅದರೊಳಗಿಂದ ನೋಡಬಹುದು. ಇಲ್ಲವಾದರೆ ಪಕ್ಕದ ಸೂಜಿಯಷ್ಟು ತೂತಿನಿಂದ ಬೆಂಕಿಯ ಚಿತ್ರ ಒಂದು ಬಿಳಿ ರಟ್ಟಿನ ಮೇಲೆ ಬೀಳುತ್ತದೆ. ರಟ್ಟಿಗೆ ಪೆನ್ಸಿಲಿನಲ್ಲಿ ಎರಡು ಗೆರೆ. ಕಡ್ಡಿಯ ಮೂತಿಗಳು ಆ ಗೆರೆಗಳ ಮೇಲೆ ನಿಂತಿದ್ದರೆ ಬೆಳಕು ಸರಿ ಇದೆ ಎಂದರ್ಥ.

"ಇದು ಮೊಲಿ ಕುಡಿಯೋ ಕೂಸು ನೋಡಬೇ. ಒಂದ್ ಗಳಿಗಿ ಕಣ್ಣ ತೆಗದ್ರ ಅಳಾಕ ಚಾಲೂ ಮಾಡತದ" ಎನ್ನುತ್ತಿದ್ದ.

ಅಫಜಲಪುರದ ಬೋರಿಂಗಿನ ಹತ್ತಿರ ನೀರಿಗೆ ಬಂದ ಹೆಂಗಸರು ನನ್ನನ್ನು ಕಾಡುತ್ತಿದ್ದರು. "ನಿನ್ನ ಗಂಡ ದಿನಾ ಮೂರ್ ತಾಸು ಹೀರೋಯಿನ್ ಮುಖಾ ನೋಡ್ತಾನ. ಬಂದು ನಿನ್ನ ಮುಖಾ ಹೆಂಗ ನೋಡ್ತಾನಬೇ?"

"ಆಕಿ ಮುಖಾನೂ ನೋಡಂಗಿಲ್ಲ, ನನ್ನ ಮುಖಾನೂ ನೋಡಂಗಿಲ್ಲ" ಎಂದೆ. "ಕಡ್ಡೀ ಮೂತಿ ನೋಡ್ತಾನ."

ನಕ್ಕರು. ನಾನು ನಗಿಸಲು ಹೇಳಿದ್ದಲ್ಲ. ಪರದೆಯ ಮೇಲೆ ಯಾರು ಅತ್ತರು, ಯಾರು ಸತ್ತರು ಅವನಿಗೆ ಗೊತ್ತಾಗುತ್ತಿರಲಿಲ್ಲ. ಮನೆಗೆ ಬಂದು ನನ್ನನ್ನೇ ಕೇಳುತ್ತಿದ್ದ, ಆಟದ ಕಥೆ ಏನೆಂದು.

ಅಪಾಯ ಶುರುವಾದದ್ದು ಗಾಜಿನಿಂದ. ಎಪ್ಪತ್ತೆರಡರ ಬರ ಮುಗಿದು ಎರಡೋ ಮೂರೋ ವರ್ಷವಾಗಿತ್ತು. ಆಳಂದದಿಂದ ಅಫಜಲಪುರಕ್ಕೆ ಬರುವಾಗ ಲಾರಿ ಒಂದು ಕೊರಕಲಿಗೆ ಇಳಿದು ಎದ್ದಿತು. ಇಳಿಸಿ ನೋಡಿದರೆ ಪೆಟ್ಟಿಗೆಯ ಕಪ್ಪು ಗಾಜು ಮೂರು ಚೂರು. ಬಿಳಿ ರಟ್ಟು ಹಿಡಿಯುವ ಚೌಕಟ್ಟೂ ಸೊಟ್ಟಗಾಗಿ, ಚಿತ್ರ ಎಲ್ಲೆಲ್ಲೋ ಬೀಳುತ್ತಿತ್ತು. ಟಾಕೀಸಿನ ಮಾಲಕರಿಗೆ ಹೇಳಿದ.

"ನಾಳಿ ಸೊಲ್ಲಾಪುರದಿಂದ ತರಸ್ತೀನಿ ತಡಿಯೋ ಮಾರಾಯ. ಅಲ್ಲಿತನಕ ಹೆಂಗರ ನಡಸು."

ನಾಳೆ ಎಂಬುದು ಆ ವರ್ಷವೆಲ್ಲ ಬರಲಿಲ್ಲ. ಇವನು ಒಡೆದ ಕಿಟಕಿಯ ಗಾಜಿನ ಚೂರೊಂದನ್ನು ಚಿಮಣಿ ದೀಪದ ಮೇಲೆ ಹಿಡಿದು ಮಸಿ ಹಿಡಿಸಿಕೊಂಡು ಅದರಲ್ಲಿ ನೋಡತೊಡಗಿದ. ಬೆರಳು ತಾಗಿ ಮಸಿ ಅಳಿಸುತ್ತಿತ್ತು. ಮತ್ತೆ ಹಿಡಿಸಬೇಕು. ಕೊನೆಗೆ ಬೇಸತ್ತು ಬಾಗಿಲು ಒಂಚೂರು ತೆರೆದು ಬರಿಗಣ್ಣಲ್ಲೇ ಇಣುಕತೊಡಗಿದ. ನಾನು ಬೈದೆ.

"ಒಂದ ಸಲ ರೆಪ್ಪಿ ಬಡದಷ್ಟು ನೋಡತೇನಿ. ಅಷ್ಟಕ್ಕ ಏನಾಗತದ?"

ಒಂದು ಆಟದಲ್ಲಿ ರೆಪ್ಪೆ ಬಡಿದಷ್ಟು ಎಷ್ಟು ಸಲ ನೋಡುತ್ತಿದ್ದನೋ ದೇವರಿಗೆ ಗೊತ್ತು.

ಬೆಳಿಗ್ಗೆ ಏಳುವಾಗ ಅವನ ಕಣ್ಣು ಅಂಟಿಕೊಂಡಿರುತ್ತಿದ್ದವು. ಕೆಂಡದಂತೆ ಕೆಂಪು. ನೀರು ಸುರಿಯುತ್ತಿತ್ತು. "ಉಸುಕ ತುಂಬಿದಂಗ ಆಗ್ಯಾದಬೇ" ಎಂದು ಉಜ್ಜುತ್ತಿದ್ದ. ನಂದಿಬಟ್ಟಲ ಹೂವು ನೆನೆಹಾಕಿದ ನೀರು ಬಿಟ್ಟೆ. ಬಾಣಂತಿಯ ಹಾಲು ಬೇಡಿ ತಂದು ಹನಿಸಿದೆ. ಎರಡು ದಿನ ತಣ್ಣಗಾಗುತ್ತಿತ್ತು, ಮೂರನೆಯ ದಿನ ಮತ್ತದೇ.

ನಮ್ಮ ಕಡೆ ಕಣ್ಣಿಗೆ ತಂಪೆಂದರೆ ಕಾಡಿಗೆ. ಹುಟ್ಟಿದ ಕೂಸಿಗೂ ಹಚ್ಚುತ್ತಾರೆ, ಮುದುಕರಿಗೂ ಹಚ್ಚುತ್ತಾರೆ. ಔಡಲೆಣ್ಣೆಯ ದೀಪ ಹಚ್ಚಿ, ಮೇಲೆ ತಾಮ್ರದ ತಟ್ಟೆ ಬೋರಲು ಹಾಕಿ, ಕೂತ ಮಸಿಯನ್ನು ಬೆಣ್ಣೆಯಲ್ಲಿ ಕಲಸುವುದು. ಅದನ್ನೂ ಮಾಡಿ ಹಚ್ಚಿದೆ. ಗುಣ ಕಾಣಲಿಲ್ಲ. ಒಂದು ದಿನ ಮುಂಜಾನೆ ಮಷೀನಿನ ಪೆಟ್ಟಿಗೆ ಒರೆಸುತ್ತಿದ್ದೆ. ಒರೆಸುವುದು ನನ್ನ ಕೆಲಸ. ಕೆಳಗೆ ಉರಿದುಳಿದ ಕಡ್ಡಿಯ ತುಂಡುಗಳು ಬಿದ್ದಿದ್ದವು, ಹೆಬ್ಬೆರಳಿನಷ್ಟುದ್ದ, ಕರ್ರಗೆ. ಕೈಯಲ್ಲಿ ಹಿಡಿದು ಯೋಚಿಸಿದೆ. ಸಣ್ಣ ದೀಪದ ಮಸಿಯೇ ಕಣ್ಣಿಗೆ ತಂಪು ಕೊಡುವುದಾದರೆ, ಊರಿಗೆಲ್ಲ ಬೆಳಕು ಕೊಡುವ ಈ ಮಸಿ ಎಷ್ಟು ಕೊಡಬೇಡ? ಇದಕ್ಕೆ ತಾಮ್ರವೂ ಮೆತ್ತಿದೆ. ಕಾಡಿಗೆಗೆ ತಾಮ್ರದ ತಟ್ಟೆಯೇ ಬೇಕೆಂದು ನಮ್ಮವ್ವ ಹೇಳುತ್ತಿದ್ದಳಲ್ಲ. ಇದರಲ್ಲಿ ತಾಮ್ರ ತಾನಾಗಿಯೇ ಇದೆ.

ಇಷ್ಟೇ ನನ್ನ ಬುದ್ಧಿ. ಯಾರೂ ಹೇಳಿಕೊಟ್ಟದ್ದಲ್ಲ.

ತುಂಡುಗಳನ್ನು ಕಲ್ಲಿನ ಮೇಲೆ ತೇದೆ. ತಾಮ್ರದ ಸಿಪ್ಪೆ ಬೇಕೆಂದೇ ಬಿಡಲಿಲ್ಲ, ಅದನ್ನೂ ಸೇರಿಸಿ ಅರೆದೆ. ಹೊಗೆ ಕೊಳವೆಯ ಒಳಗೆ ಕೂತಿದ್ದ ಬೂದಿಬಣ್ಣದ ಹಿಟ್ಟು ಕೆರೆದು ಹಾಕಿದೆ. ಹಳೆಯ ಧೋತರದಲ್ಲಿ ಮೂರು ಸಲ ಸೋಸಿದೆ. ಬೆರಳಲ್ಲಿ ತಿಕ್ಕಿದರೆ ನುಣ್ಣಗೇ ಇತ್ತು, ನನ್ನ ಬೆರಳಿಗೆ. ಬೆಣ್ಣೆ, ಔಡಲೆಣ್ಣೆ ಹಾಕಿ ಕಲಸಿ ಒಂದು ತಗಡಿನ ಡಬ್ಬಿಗೆ ತುಂಬಿದೆ. ಗಂಡನಿಗೆ ಇದರ ಮರ್ಮ ಹೇಳಲಿಲ್ಲ. ಕಡ್ಡಿ ತೇದು ಕಣ್ಣಿಗೆ ಹಾಕುತ್ತೇನೆ ಎಂದರೆ ನಗುತ್ತಾನೆ, ಮಂದಿಗೆಲ್ಲ ಹೇಳಿಕೊಂಡು ತಿರುಗುತ್ತಾನೆ ಎಂದು ಹೇಳಲಿಲ್ಲ.

"ಏನಬೇ ಇದು, ಹೆಣ್ಣಮಕ್ಕಳಿಗಿ ಹಚ್ಚಿದಂಗ ಹಚ್ಚಾಕತ್ತಿ?"

"ಸುಮ್ನ ಕುಂದರ್ರಿ. ತಂಪ ಆಗತದ."

"ಎಲ್ಲಿ ತಂಪು, ಚುರುಚುರು ಅನ್ನಾಕತ್ತದಲ್ಲ!"

"ಔಷಧ ಅಂದಮ್ಯಾಲ ಚುರು ಅನಬೇಕು. ಅನಲಿಲ್ಲಂದ್ರ ಅದೆಂಥಾ ಔಷಧರಿ?"

ಸುಮ್ಮನೆ ಹಚ್ಚಿಸಿಕೊಂಡ. ದಿನಾ ಹಚ್ಚಿದೆ. ಕಣ್ಣು ಹೆಚ್ಚು ಕೆಂಪಾದರೆ ಬೆಳಕಿನದು ಎಂದುಕೊಂಡೆ, ಇನ್ನಷ್ಟು ಹಚ್ಚಿದೆ.

ಜೇವರ್ಗಿಗೆ ಬಂದ ಮೇಲೆ ಎಡಗಣ್ಣಿನಲ್ಲಿ ಹೂ ಬಿತ್ತು. ಕರೀ ಗುಡ್ಡೆಯ ಮೇಲೆ ಅಕ್ಕಿನುಚ್ಚಿನಷ್ಟು ಬಿಳಿ. ಮೊದಲು ನುಚ್ಚು, ಆಮೇಲೆ ಜೋಳದ ಕಾಳು. ಆ ಕಣ್ಣಿನಲ್ಲಿ ಕಾಣುವುದು ನಿಂತಿತು. ಬಲಗಣ್ಣೂ ಮಂಜಾಗುತ್ತಿತ್ತು. ಅವನ ಹೊಟ್ಟೆಪಾಡೆಲ್ಲ ಕಣ್ಣಿನ ಮೇಲೆಯೇ ಇತ್ತು. ಆಪರೇಟರನ ಕಣ್ಣು ಹೋಯಿತೆಂದು ಸುದ್ದಿಯಾದರೆ ಮಾಲಕರು ಆ ಹೊತ್ತಿಗೇ ಬೇರೆಯವನನ್ನು ತರುತ್ತಾರೆ. ಉಳಿದ ಆ ಒಂದು ಕಣ್ಣನ್ನು ಹೇಗಾದರೂ ಉಳಿಸಬೇಕೆಂದು ನಾನು ಪಣ ತೊಟ್ಟೆ. ಏನು ಮಾಡಿದೆ? ಬಲಗಣ್ಣಿಗೆ ಎರಡು ಹೊತ್ತು ಕಾಡಿಗೆ ಹಚ್ಚತೊಡಗಿದೆ.

ಆ ಹೊತ್ತಿಗೆ ಮಾಲಕರು ಊರೂರು ತಿರುಗುವುದು ಬಿಟ್ಟು ಜೇವರ್ಗಿಯಲ್ಲೇ ತಗಡಿನ ಟಾಕೀಸು ಕಟ್ಟಿಸಿದ್ದರು. ಮಧ್ಯಾಹ್ನವೂ ಆಟ ಇರುತ್ತಿತ್ತು. ಪೆಟ್ಟಿಗೆಗೆ ಕಪ್ಪು ಗಾಜು ಬಂದಿತ್ತು, ರಟ್ಟಿನ ಚೌಕಟ್ಟೂ ನೆಟ್ಟಗಾಗಿತ್ತು. ಈಗ ಎಲ್ಲ ಇತ್ತು, ನೋಡುವ ಕಣ್ಣಿರಲಿಲ್ಲ. ನಾನು ಚಹಾ ಕೊಡುವ ನೆಪದಲ್ಲಿ ಕ್ಯಾಬಿನ್ ಹೊಕ್ಕು ಅವನ ಬೆನ್ನ ಹಿಂದೆ ನಿಲ್ಲುತ್ತಿದ್ದೆ. ರಟ್ಟಿನ ಮೇಲಿನ ಗೆರೆ ನಾನು ನೋಡುವುದು. ಮಷೀನಿನ ಗದ್ದಲದಲ್ಲಿ ಮಾತು ಕೇಳುತ್ತಿರಲಿಲ್ಲ. ಬೆನ್ನಿಗೆ ಒಂದು ಬೆರಳು ಒತ್ತಿದರೆ ದಪ್ಪ ಕಡ್ಡಿ ದೂಡು, ಎರಡು ಬೆರಳಾದರೆ ಸಣ್ಣದು, ಅಂಗೈ ಇಟ್ಟರೆ ನಿಲ್ಲು. ಹೀಗೆ ಎಷ್ಟೋ ಆಟ ನಡೆಸಿದೆವು. ಒಮ್ಮೆ ನಾನೇ ತಿರುಪಿಗೆ ಕೈ ಹಾಕಿದೆ. ಕೈಗೆ ಹೊಡೆದ.

"ಅದನ್ನ ಮುಟ್ಟಬ್ಯಾಡ. ಆಪರೇಟರ್ ನಾ ಇದ್ದೇನಿ, ನೀ ಅಲ್ಲ."

ಅಂಗಿಯ ಬೆನ್ನಿನ ಮೇಲೆ ಅದೇ ಜಾಗದಲ್ಲಿ ನನ್ನ ಬೆರಳಿನ ಕಪ್ಪು ಕಲೆ ಬಿದ್ದು, ಒಗೆದರೂ ಹೋಗುತ್ತಿರಲಿಲ್ಲ.

ಬಲಗಣ್ಣು ತೀರಾ ಮಬ್ಬಾದಾಗ ಕಲಬುರ್ಗಿಯ ದವಾಖಾನೆಗೆ ಕರೆದುಕೊಂಡು ಹೋದೆ. ಮಾಲಕರಿಗೆ ನೆಂಟರ ಮನೆಯ ಮದುವೆ ಎಂದು ಹೇಳಿದೆವು. ಕಣ್ಣಿನ ಡಾಕ್ಟರ್ ನಡುವಯಸ್ಸಿನ ಹೆಣ್ಣುಮಗಳು. ಟಾರ್ಚು ಹಿಡಿದು ಬಹಳ ಹೊತ್ತು ನೋಡಿದಳು. ರೆಪ್ಪೆ ಎಳೆದಳು, ಬಿಟ್ಟಳು.

"ಏನ್ ಕೆಲಸಾ ಮಾಡ್ತೀರಿ?"

"ಸಿನಿಮಾ ಆಪರೇಟರ್ ಇದ್ದೇನ್ರಿ. ಕಾರ್ಬನ್ ಬೆಳಕ."

"ಬರಿಗಣ್ಣಲೆ ನೋಡೀರೇನು?"

"ಒಂದೊಂದ ಸಲ ರೆಪ್ಪಿ ಬಡದಷ್ಟು."

ಡಾಕ್ಟರ್ ನನ್ನ ಕಡೆ ತಿರುಗಿದಳು. "ಯವ್ವಾ, ಮನಿಯಾಗ ಏನರ ಹಾಕೀರೇನು ಕಣ್ಣಿಗಿ?"

ನಾನು ಬಾಯಿ ತೆರೆಯುವ ಮೊದಲೇ ಗಂಡ ಹೇಳಿದ: "ಕಾಡಗಿ ಹಚ್ಚತಾಳ್ರಿ. ಚುರುಚುರು ಅಂತದರಿ, ಆದ್ರ ಬಿಡಂಗಿಲ್ಲ ಈಕಿ."

"ಎಂಥಾ ಕಾಡಗಿ?"

ಇಬ್ಬರೂ ನನ್ನ ಕಡೆಗೇ ನೋಡುತ್ತಿದ್ದರು. ಗಂಡ, ನಾನೆಲ್ಲಿ ನಿಂತಿದ್ದೇನೆ ಎಂದು ಗೊತ್ತಾಗದೆ, ಒಂಚೂರು ಪಕ್ಕಕ್ಕೆ ನೋಡುತ್ತಿದ್ದ. ಈಗ ನಿಜ ಹೇಳಿದರೆ ಇಷ್ಟು ದಿನ ಇವನ ಕಣ್ಣಿಗೆ ಏನು ಸುರಿದೆ ಎಂಬುದು ಇವನ ಮುಂದೆಯೇ ಬಯಲಾಗುತ್ತದೆ.

"ಮನಿಯಾಗಿಂದ್ರಿ. ಔಡಲೆಣ್ಣಿ ದೀಪದ್ದು" ಎಂದೆ.

"ಅಷ್ಟ ಏನು? ಬ್ಯಾರೆ ಪುಡಿ ಗಿಡಿ ಏನರ ಬಿದ್ದಿದ್ರ ಈಗ ಹೇಳ್ರಿ. ರೆಪ್ಪಿ ತಿರಿವಿ ತೊಳೀಬೇಕಾಗತದ."

"ಇಲ್ರಿ. ಏನೂ ಇಲ್ಲ."

"ಹಂಗಾರ ಬೆಳಕಿಂದ ಆಗ್ಯಾದ" ಎಂದು ಚೀಟಿಯಲ್ಲಿ ಬರೆದಳು. ಹಚ್ಚಲು ಮುಲಾಮು ಕೊಟ್ಟಳು. ಕಾಡಿಗೆ ಹಚ್ಚುವುದು ಬಿಡಿ ಎಂದಳು. ಅಷ್ಟೇ. ರೆಪ್ಪೆ ತಿರುವಲಿಲ್ಲ, ತೊಳೆಯಲಿಲ್ಲ.

ಬಸ್ಸಿನಲ್ಲಿ ಅವನು ಖುಷಿಯಾಗಿಯೇ ಇದ್ದ. "ಬೆಳಕಿಂದ ಅಂತ. ನಾ ಹೇಳಿದ್ದಿಲ್ಲೇನು? ಕೆಲಸಾ ಮಾಡಿ ಹೋದ ಕಣ್ಣಿದು. ಕುಡದು ಹೋದದ್ದಲ್ಲ." ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಆ ದಿನದಿಂದ ಕಾಡಿಗೆ ಬಿಟ್ಟೆ. ಡಬ್ಬಿಯನ್ನು ಹೊರಗೆ ಎಸೆಯಲಿಲ್ಲ, ಟ್ರಂಕಿನ ತಳಕ್ಕೆ ಹಾಕಿದೆ. ಯಾಕೆಂದು ನನಗೇ ಗೊತ್ತಿಲ್ಲ. ಒಳಗೆ ಹೋದದ್ದು ಒಳಗೇ ಇತ್ತು. ವರ್ಷ ತುಂಬುವುದರೊಳಗೆ ಬಲಗಣ್ಣಿನಲ್ಲೂ ಹೂ ಬಿತ್ತು.

ಆಮೇಲೂ ಬೆರಳು ಒತ್ತಿ ಒತ್ತಿ ಆಟ ನಡೆಸಿದೆವು. ಅವನು ಕೈಯಲ್ಲಿ ತಡವಿಯೇ ರೀಲು ಏರಿಸುತ್ತಿದ್ದ, ಒಂದು ದಿನವೂ ತಪ್ಪಲಿಲ್ಲ. ಸಿಕ್ಕಿಬಿದ್ದದ್ದು ನನ್ನಿಂದ. ಅತನೂರದಲ್ಲಿ ನಮ್ಮವ್ವ ತೀರಿದಳು, ಮೂರು ದಿನ ನಾನು ಹೋಗಬೇಕಾಯಿತು. ಆಟಕ್ಕೆ ರಜೆ ಕೇಳಿರಿ ಎಂದೆ. ಕೇಳಲಿಲ್ಲ. ನಾನು ತಿರುಗಿ ಬಂದಾಗ ಟಾಕೀಸಿನ ಹೊರಗೆ ಬೇವಿನ ಗಿಡದ ಕೆಳಗೆ ಕೂತಿದ್ದ. ಒಳಗೆ ಮಧ್ಯಾಹ್ನದ ಆಟ ನಡೆದಿತ್ತು. ಕ್ಯಾಬಿನ್‌ನಲ್ಲಿ ಬೇರೆ ಯಾರೋ ಇದ್ದರು.

"ಸಪ್ಪಳಾ ಕೇಳಿ ನಡಸೇನಿ ನೋಡಬೇ, ಒಂದ್ ಆಟ ಪೂರಾ!" ಎಂದ. "ಸಂದಿ ಸರಿ ಇದ್ರ ಜೇನಹುಳ ಅಂದಂಗ ಅಂತದ. ಹೆಚ್ಚಾದ್ರ ಬುಸ್ ಅಂತದ. ಒಬ್ಬಗೂ ಗೊತ್ತಾಗಲಿಲ್ಲ."

"ಎರಡನೇ ಆಟಕ್ಕ?"

"ಎರಡನೇದಕ್ಕ ಕರೆಂಟ ಕಮ್ಮಿ ಬಂತು. ಸಪ್ಪಳಾನ ಬ್ಯಾರೆ ಆತು. ಮಂದಿ ಸೀಟಿ ಹೊಡದ್ರು. ಮಾಲಕರು ಮ್ಯಾಲ ಬಂದ್ರು." ಗಾಳಿಯಲ್ಲಿ ಕೈ ಆಡಿಸಿ ತೋರಿಸಿದ. "ನಾ ತಿರಪ ಹುಡಕಾಕತ್ತಿದ್ನಿ. ಕೈಗಿ ಸಿಗಲಿಲ್ಲ."

ಮಾಲಕರು ಬೈಯಲಿಲ್ಲವಂತೆ. ಕೈ ಹಿಡಿದು ಮೆಟ್ಟಿಲು ಇಳಿಸಿ ಗಿಡದ ಕೆಳಗೆ ಕೂಡಿಸಿ ಹೋದರಂತೆ. ಬೈದಿದ್ದರೆ ಅವನಿಗೆ ಅಷ್ಟು ನೋಯುತ್ತಿರಲಿಲ್ಲ.

ಹದಿನೈದು ವರ್ಷ ಹಾಗೆ ಬದುಕಿದ. ನಾನು ಅದೇ ಟಾಕೀಸಿನಲ್ಲಿ ಕಸ ಹೊಡೆಯುವ ಕೆಲಸ ಮಾಡಿದೆ. ಮನೆಗೆ ಹೋದ ಕೂಡಲೇ ಕೇಳುತ್ತಿದ್ದ: "ಪರದೆ ಬೆಳ್ಳಗ ಇತ್ತೇನು?" "ಇತ್ರಿ." "ಹಳದಿ ಹೊಡೀತಿತ್ತೇನು?" "ಇಲ್ರಿ." ಹೊಸ ಆಪರೇಟರನ ಕೈಯಲ್ಲಿ ಪರದೆ ಹಳದಿಯೇ ಇರುತ್ತಿತ್ತು. ಹಳದಿ ಇತ್ತು ಎಂದು ಹೇಳಿದರೆ ಇವನು ಹಿಗ್ಗುತ್ತಿದ್ದ, ಹಿಗ್ಗಿದ ಮೇಲೆ ಊಟ ಬಿಡುತ್ತಿದ್ದ. ಅದಕ್ಕೆ ಬೆಳ್ಳಗಿತ್ತು ಎಂದೇ ಹೇಳುತ್ತಿದ್ದೆ. ಮುಂದೆ ಕಾರ್ಬನ್ ಹೋಗಿ ದೊಡ್ಡ ಬಲ್ಬು ಬಂತು. ಉಳಿದಿದ್ದ ಕಡ್ಡಿಗಳ ಒಂದು ಪುಡಿಕೆಯನ್ನು ಮನೆಗೆ ತಂದು ಅವನ ಕೈಗೆ ಕೊಟ್ಟೆ. ಬಿಸಿಲಿಗೆ ಕೂತು ಅವುಗಳನ್ನೇ ತಿರುವುತ್ತಿದ್ದ. ಯಾವುದು ದಪ್ಪ, ಯಾವುದು ಸಣ್ಣ ಎಂದು ಜೋಡಿ ಹಾಕುತ್ತಿದ್ದ. ಒಮ್ಮೆ, "ನೀ ಹಚ್ಚತಿದ್ದ ಕಾಡಗಿ ಇನ್ನಾ ಅದ ಏನು?" ಎಂದು ಕೇಳಿದ. ಇಲ್ಲ ಎಂದೆ. ಮತ್ತೆ ಕೇಳಲಿಲ್ಲ. ಯಾಕೆ ಕೇಳಿದ ಎಂದು ನಾನೂ ಕೇಳಲಿಲ್ಲ. ತೊಂಬತ್ತರ ನಡುವಿನಲ್ಲಿ ಜ್ವರ ಬಂದು ಸತ್ತ.

ಅವನು ಸತ್ತ ಮೂರೋ ನಾಲ್ಕೋ ವರ್ಷಕ್ಕೆ ಪಕ್ಕದ ಖೋಲಿಗೆ ಬಾಡಿಗೆಗೆ ಒಬ್ಬ ಹುಡುಗಿ ಬಂದಳು. ಕಾಲೇಜಿನಲ್ಲಿ ವಿಜ್ಞಾನ ಕಲಿಸುವವಳು. ರಜೆ ಇದ್ದಾಗ ಹೈದರಾಬಾದಿಗೆ ಹೋಗಿ ಇನ್ನೂ ದೊಡ್ಡದೇನೋ ಕಲಿಯುತ್ತಿದ್ದಳು. ಒಂದು ಸಂಜೆ ಮೊಸರಿನ ಹೆಪ್ಪು ಕೇಳಲು ಬಂದವಳು ನನ್ನ ಒಲೆಯ ಪಕ್ಕದ ಕಡ್ಡಿಗಳನ್ನು ನೋಡಿ ನಿಂತುಬಿಟ್ಟಳು.

"ಆಯಿ! ಇವೆಲ್ಲಿ ಸಿಕ್ಕುವು ನಿಮಗ?"

"ನನ್ನ ಗಂಡನವು. ಯಾಕಬೇ?"

ಅವಳು ಅಲ್ಲೇ ನೆಲಕ್ಕೆ ಕೂತಳು. ಹೆಪ್ಪು ಮರೆತಳು. ಅವಳು ಕಲಿಯುತ್ತಿದ್ದುದೇ ಕಾರ್ಬನ್ನಿನ ಬೆಳಕಿನ ಬಗ್ಗೆ. "ಹಿಂಗ ಎರಡು ಕಡ್ಡಿ ನಡುವ ಬೆಂಕಿ ಹಚ್ಚಿ, ಮೂತಿಗಿ ಕುಂತ ಮಸಿ ನೋಡಿದಾಗ ಅದರಾಗ ಸಣ್ಣ ಸಣ್ಣ ಕೊಳವಿ ಸಿಕ್ಕಾವ್ರಿ ಆಯಿ. ಕಾರ್ಬನ್ನಿನ ಒಂದು ಹಾಳಿ ಅದ ಅನಕೋರಿ, ಒಂದ ಅಣುವಿನಷ್ಟು ತೆಳ್ಳಗ. ಅದನ್ನ ಬೀಡಿ ಸುತ್ತಿದಂಗ ಸುತ್ತಿದ್ರ ಒಂದು ಕೊಳವಿ. ನಿಮ್ಮ ಒಂದು ಕೂದಲ ಸಾವಿರಾರು ಸೀಳು ಮಾಡಿದ್ರ, ಅದರಾಗಿನ ಒಂದು ಸೀಳಿನಷ್ಟು."

"ನನ್ನ ತಲಿಯಾಗ ಉಳದದ್ದ ನಾಕು ಕೂದಲ. ಅದರಾಗೇನು ಸೀಳತಿ?"

ನಕ್ಕಳು. ಆ ಕೊಳವೆ ಬೆಳಕು ಕೊಡುತ್ತದೆ ಎಂದು ಲೆಕ್ಕ ಹೇಳುತ್ತದಂತೆ. ಇನ್ನೂ ಯಾರೂ ಕಂಡಿರಲಿಲ್ಲ, ಹುಡುಕುತ್ತಿದ್ದರು.

"ಬಂದರೂ ಅದು ಕಣ್ಣಿಗಿ ಕಾಣಂಗಿಲ್ರಿ. ಕೆಂಪು ಬಣ್ಣದ ಆಚಿ ಬೆಳಕದು. ಮಷೀನಿಗಷ್ಟ ಕಾಣತದ."

"ಕಣ್ಣಿಗಿ ಕಾಣದ ಬೆಳಕ ತಗೊಂಡು ಏನ್ ಮಾಡ್ತಿ?"

"ಗಾಜಿನ ಎಳಿಯಾಗ ಸುದ್ದಿ ಕಳಸಾಕ. ಇಲ್ಲಿಂದ ಅಮೇರಿಕಾತನಕ."

"ಹಿಂದ ಕನ್ನಡಿ ಇಡತೀರೇನು?"

ಅವಳು ನನ್ನ ಮುಖ ನೋಡಿದಳು. "ಇಡತೀವಿ ಆಯಿ, ಎರಡೂ ತುದಿಗಿ. ನಿಮ್ಮ ಕನ್ನಡಿ ಇದ್ದ ಬೆಳಕನ್ನ ಒಂದ ಕಡಿಗಿ ಕೂಡಿಸ್ತಿತ್ತು, ಹೆಚ್ಚ ಮಾಡ್ತಿದ್ದಿಲ್ಲ. ಇಲ್ಲಿ ಹೆಚ್ಚ ಮಾಡಬೇಕು. ಭಜನ್ಯಾಗ ಒಬ್ಬ ಧ್ವನಿ ಎತ್ತಿದ ಕೂಡ್ಲೆ ಸುಮ್ನ ಕುಂತವರು ಅದಕ್ಕ ಧ್ವನಿ ಕೂಡಸ್ತಾರಲ್ಲ, ಹಂಗ. ಒಂದು ಬೆಳಕ ಹಾದು ಹೋಗುವಾಗ ತಯಾರಾಗಿ ಕುಂತದ್ದನ್ನ ಎಬ್ಬಿಸಿ ತನ್ನ ಜೋಡಿ ಕರಕೊಂಡು ಹೋಗತದ. ಕನ್ನಡಿಗಿ ಬಡದು ತಿರುಗಿ ಬರತದ, ಮತ್ತ ಎಬ್ಬಸತದ. ಎರಡಿದ್ದದ್ದು ನಾಕು, ನಾಕಿದ್ದದ್ದು ಎಂಟು."

"ಚೊಲೋ ಆತಲ್ಲ."

"ಚೊಲೋ ಏನಲ್ರಿ. ಎಬ್ಬಸೂದರೊಳಗ ಹೆಚ್ಚಿನವು ಮಕ್ಕೊಂಡ ಬಿಡತಾವ. ಹುಟ್ಟಿದ ಬೆಳಕ ಕೊಳವಿಯೊಳಗ ಸಾಯತದ. ಹೊರಗ ಬರೂದು ಭಾಳ ಕಮ್ಮಿ ಅಂತ ಅನಸತದ ನಮ್ಮ ಸರ್‌ಗೆ."

ಒಳಗೇ ಸಾಯುವ ಬೆಳಕು ನನಗೆ ಹೊಸದಲ್ಲ. ಎದ್ದು ಹೋಗಿ ಟ್ರಂಕಿನ ತಳದಿಂದ ಡಬ್ಬಿ ತೆಗೆದೆ. ಬೆಣ್ಣೆ ಒಣಗಿ ಕಾಡಿಗೆ ಕಲ್ಲಾಗಿತ್ತು. ಏನು, ಹೇಗೆ ಮಾಡಿದ್ದು ಎಂದು ಅವಳಿಗೆ ಹೇಳಿದೆ. ಯಾರಿಗೆ ಹಚ್ಚಿದೆ ಎಂದು ಹೇಳಲಿಲ್ಲ. ಅವಳ ಕಣ್ಣು ಅಗಲವಾದವು. ಇದನ್ನು ಹೈದರಾಬಾದಿಗೆ ಒಯ್ದು ದೊಡ್ಡ ಯಂತ್ರದ ಕೆಳಗೆ ಇಡುತ್ತೇನೆ ಎಂದಳು. "ನಿಮ್ಮದು ಬಯಲಗಾಳಿಯಾಗ ಉರದದ್ದು. ಅವರು ಗಾಳಿ ತೆಗದು ಬ್ಯಾರೆ ಗ್ಯಾಸ್ ತುಂಬಿ ಉರಸತಾರ. ಕೊಳವಿ ಸಿಗೂದು ಕಷ್ಟ. ಆದ್ರೂ ಒಂದ್ ಸಲ ನೋಡತೇನ್ರಿ."

"ಕೊಳವಿ ಬ್ಯಾಡ. ಅದರಾಗ ಏನೇನ ಅದ ಎಲ್ಲಾ ನೋಡಿ ಬಾ" ಎಂದೆ.

ಮೂರು ತಿಂಗಳು ಕಾದೆ. ಗಂಡ ಸತ್ತಾಗಲೂ ನಾನು ಅಷ್ಟು ಅನ್ನ ಬಿಟ್ಟಿರಲಿಲ್ಲ. ದಿನಾ ಅವಳ ಬೀಗ ನೋಡುತ್ತಿದ್ದೆ. ಒಂದು ಮುಂಜಾನೆ ಬಾಗಿಲು ತೆರೆದಿತ್ತು. ಅವಳೇ ಬಂದಳು, ಕೈಯಲ್ಲಿ ಡಬ್ಬಿ ಮತ್ತು ಒಂದು ಕಾಗದ. ಕಾಗದದ ಮೇಲೆ ಕಪ್ಪುಬಿಳುಪಿನ ಚಿತ್ರ.

"ಕೊಳವಿ ಒಂದೂ ಸಿಗಲಿಲ್ಲ ಆಯಿ" ಎಂದಳು. ಮುಖ ಸಣ್ಣದಾಗಿತ್ತು. ಕೊಳವೆ ಸಿಗದ್ದಕ್ಕೆ ಅವಳಿಗೆ ದುಃಖ.

"ಮತ್ತೇನ್ ಸಿಕ್ಕಿತು?"

ಚಿತ್ರ ತೋರಿಸಿದಳು. ಒಡೆದ ಕಲ್ಲಿನ ರಾಶಿಯಂತಿತ್ತು. ಚೂ‌ರುಚೂರು, ಎಲ್ಲಕ್ಕೂ ಚೂಪು ಅಂಚು. "ಇದು ಕಾರ್ಬನ್ನಿನ ನುಚ್ಚು. ಇದು ತಾಮ್ರ. ಈ ಬೂದಿ ಬ್ಯಾರೆ ಲೋಹದ್ದು, ಬೆಳಕ ಬೆಳ್ಳಗ ಬರಲಿ ಅಂತ ಕಡ್ಡಿಯೊಳಗ ತುಂಬಿರ್ತಾರ. ಬೆರಳಿಗಿ ನುಣ್ಣಗ ಅನಸತದ, ಆದ್ರ ನೋಡ್ರಿ, ಗಾಜಿನ ಪುಡಿ ಇದ್ದಂಗ ಅದ."

"ಇದು ಕಣ್ಣಾಗ ಬಿದ್ರ?"

"ಯಾರ ಕಣ್ಣಾಗ?"

"ಯಾರದರ ಕಣ್ಣಾಗ. ದಿನಾ ಬಿದ್ರ. ಎರಡು ಹೊತ್ತು."

ಅವಳು ಚಿತ್ರ ಮಡಚಿದಳು. ಗೋಡೆಯ ಮೇಲಿನ ನನ್ನ ಗಂಡನ ಫೋಟೋ ನೋಡಿದಳು. ಅದರಲ್ಲಿ ಅವನಿಗೆ ಕರೀ ಕನ್ನಡಕ ಇದೆ. ಅವಳಿಗೆ ತಿಳಿಯಿತು. ಬುದ್ಧಿವಂತೆ.

"ಬೆಳಕಿಂದನೂ ಹೋಗ್ತಾವ್ರಿ ಆಯಿ ಕಣ್ಣು..."

"ಸುಳ್ಳ ಹೇಳಬ್ಯಾಡ. ಬೆಳಕಿನ ಉರಿ ಎರಡ ದಿನಕ್ಕ ಮಾಯತಿತ್ತು. ನಾ ಕಣ್ಣಾರೆ ನೋಡೇನಿ. ಹೂ ಬಿದ್ದದ್ದು ಇದನ್ನ ಹಚ್ಚಿದಮ್ಯಾಲ. ಹೌದೋ ಅಲ್ಲೋ?"

ಮಡಚಿದ ಚಿತ್ರವನ್ನು ಡಬ್ಬಿಯ ಮೇಲಿಟ್ಟು, "ಹೌದನಸತದ್ರಿ" ಎಂದಳು.

"ದವಾಖಾನ್ಯಾಗ ಡಾಕ್ಟರವ್ವ ಕೇಳಿದ್ಳು, ಪುಡಿ ಬಿದ್ದದ ಏನಂತ. ಇಲ್ಲಂದ್ನಿ. ಹೌದು ಅಂದಿದ್ರ?"

"ನಾ ಡಾಕ್ಟರ್ ಅಲ್ರಿ."

"ನಿನಗ ಗೊತ್ತಿದ್ದಷ್ಟು ಹೇಳು."

"ತೊಳದಿದ್ರ... ಒಂದು ಕಣ್ಣರ ಉಳೀತಿತ್ತೇನೋ."

ನಾನು ಅವಳಿಗೆ ಮೊಸರಿನ ಹೆಪ್ಪು ಕೊಟ್ಟು ಕಳಿಸಿದೆ. ಬೇಡ ಎಂದಳು. ತಗೊಂಡು ಹೋಗು ಎಂದೆ.

ಅದೆಲ್ಲ ಆಗಿ ಬಹಳ ವರ್ಷವಾಯಿತು. ಆ ಹುಡುಗಿ ಈಗ ಎಲ್ಲೋ ದೊಡ್ಡ ಕೆಲಸದಲ್ಲಿದ್ದಾಳೆ. ಒಮ್ಮೆ ಪಕ್ಕದ ಮನೆಯ ಫೋನಿಗೆ ಫೋನ್ ಮಾಡಿ ಹೇಳಿದಳು: ಆ ಕೊಳವೆಗಳಿಂದ ನಿಜವಾಗಿಯೂ ಬೆಳಕು ಬಂದಿದೆಯಂತೆ, ಕರೆಂಟು ಕೊಟ್ಟರೂ ಬರುತ್ತದಂತೆ. ಅದನ್ನು ಹೆಚ್ಚು ಮಾಡುವುದು ಮಾತ್ರ ಇನ್ನೂ ಕಷ್ಟವಂತೆ, ಹೆಚ್ಚಿನದು ಒಳಗೇ ಸಾಯುತ್ತದಂತೆ. ಒಳ್ಳೆಯದಾಗಲಿ ಎಂದೆ. ಅವಳು ಖುಷಿಯಲ್ಲಿದ್ದಳು, ನನ್ನ ಮಾತು ಅವಳಿಗೆ ಯಾಕೆ.

ದವಾಖಾನೆಯ ಚೀಟಿ ನನ್ನ ಹತ್ತಿರ ಇನ್ನೂ ಇದೆ. ಬೆಳಕಿನಿಂದ ಎಂದು ಅದರಲ್ಲಿ ಬರೆದಿದೆಯಂತೆ, ಇಂಗ್ಲಿಷಿನಲ್ಲಿ. ಅವನು ಅದನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು, ಕೇಳಿದವರಿಗೆಲ್ಲ ತೆಗೆದು ತೋರಿಸುತ್ತಿದ್ದ. ನನ್ನ ಸುಳ್ಳನ್ನು ಹದಿನೈದು ವರ್ಷ ಕಿಸೆಯಲ್ಲಿ ಹೊತ್ತು ತಿರುಗಿದ. ಅದರ ಪಕ್ಕದಲ್ಲೇ ಟ್ರಂಕಿನಲ್ಲಿ ಡಬ್ಬಿ ಇಟ್ಟಿದ್ದೇನೆ. ನಾನು ಸತ್ತ ಮೇಲೆ ಟ್ರಂಕು ತೆರೆಯುವವರು ಅದನ್ನು ಕಾಡಿಗೆ ಎಂದುಕೊಂಡು ಯಾವ ಕೂಸಿಗೂ ಹಚ್ಚಬಾರದು. ಇದನ್ನು ಬರೆದದ್ದು ಅದಕ್ಕೂ ಹೌದು.